ಬಾಡಿಗೆ ಕೂಗು

ಕಾಫಿ ಹಣ್ಣು ಕೊಯ್ಲಿನ ಕಾಲದಲ್ಲಿ ಸತ್ತವರ ಮಣ್ಣಿಗೆ ಹೋಗುವುದಕ್ಕೂ ಅರ್ಧ ದಿನ ಬಿಡದ, ಎಸ್ಟೇಟಿನ ಹಾಜರಿ ಬರೆಯುವ ರೈಟರ್ ದರ್ಶನ್, ಅವತ್ತು ಬೆಳಿಗ್ಗೆ ಕೂಲಿಯವರ ಲೈನಿಗೆ ಬಂದು, "ಚೀಲ ಬಿಚ್ಚಿಡಿ. ಇವತ್ತು ತೋಟ ಇಲ್ಲ. ಮೂಡಿಗೆರೆಗೆ ಹೋಗದು" ಅಂದ.

ತುಂಗಮ್ಮ ಸೊಂಟಕ್ಕೆ ಕಟ್ಟಿದ ಚೀಲ ಬಿಚ್ಚಲಿಲ್ಲ. ಸರಿಯಾಗಿ ಕೇಳಿಸಿತೋ ಇಲ್ಲವೋ ಅಂತ ಸುಮ್ಮನೆ ನಿಂತಳು. ಬಣಕಲ್ ಹತ್ತಿರದ ಆ ಎಸ್ಟೇಟಿನಲ್ಲೇ ಅವಳು ಹುಟ್ಟಿದ್ದು. ಅವಳ ಅವ್ವ ಅಲ್ಲೇ ಹಣ್ಣು ಕುಯ್ದು ಅಲ್ಲೇ ಸತ್ತಿದ್ದಳು. ಗಿಡದಲ್ಲಿ ಹಣ್ಣು ಕೆಂಪಗೆ ತೂಗುತ್ತಿರುವಾಗ ರಜೆ ಅನ್ನುವ ಮಾತು ಆ ಲೈನಿನ ಕಿವಿಗೆ ಬಿದ್ದದ್ದೇ ಇಲ್ಲ.

"ಯಾರಾದ್ರೂ ಹೋಗ್ಬಿಟ್ರಾ ರೈಟ್ರೇ?"

"ಯಾರೂ ಹೋಗಿಲ್ಲ. ಗಾಡಿ ಹತ್ತು. ಸಂಬಳ ಹಾಕ್ತಾರೆ, ಊಟನೂ ಇದೆ."

ಗೊಬ್ಬರ ಸಾಗಿಸುವ ಪಿಕಪ್ಪು. ಅದರ ಹಿಂದೆ ಹೆಂಗಸರು, ಗಂಡಸರು ಒಬ್ಬರ ಮೇಲೊಬ್ಬರು ತುಂಬಿಕೊಂಡರು. ಕಾಲ ಬುಡದಲ್ಲಿ ಕೋಲಿಗೆ ಹೊಡೆದ ರಟ್ಟಿನ ಬೋರ್ಡುಗಳು ರಾಶಿ ಬಿದ್ದಿದ್ದವು. ತುಂಗಮ್ಮನ ಪಕ್ಕ ಕೂತ ಮಾರಯ್ಯ ಒಂದನ್ನು ಎತ್ತಿ ಅವಳ ಮುಖಕ್ಕೆ ಹಿಡಿದ. ನೆರಳಿನ ಮರ ಹತ್ತಿ ಹತ್ತಿ ಕಾಲು ಸೊಟ್ಟಗಾದ ಮುದುಕ ಅವನು. ನಗುವುದಕ್ಕೆ ಒಂದು ನೆಪ ಸಿಕ್ಕರೆ ಸಾಕು, ಕೂಲಿಯನ್ನೂ ಮರೆಯುತ್ತಿದ್ದ.

"ಓದೇ ತುಂಗಮ್ಮ. ನಾಕನೇ ಕ್ಲಾಸ್ ಓದಿದ್ದು ನೀನೇ ಅಲ್ವಾ."

ತುಂಗಮ್ಮ ಅಕ್ಷರ ಕೂಡಿಸಿದಳು. "ನಮ್ಮ ಗುಡ್ಡ, ನಮ್ಮ ಹಕ್ಕು."

"ನಾನು ಮುಂದೆ ನಿಂತು 'ನಮ್ಮ ಗುಡ್ಡ' ಅಂತೀನಿ. ನೀವು 'ನಮ್ಮ ಹಕ್ಕು' ಅಂತ ಕೂಗ್ಬೇಕು. ಗೊತ್ತಾಯ್ತಾ?" ಅಂದ ದರ್ಶನ್.

ಮಾರಯ್ಯ ಬಾಯಿ ತೆರೆದುಕೊಂಡು ಬೋರ್ಡನ್ನೇ ನೋಡಿದ. "ನಂಗೊಂದು ಗುಡ್ಡ ಇದೆ ಅಂತ ನಂಗೇ ಗೊತ್ತಿರ್ಲಿಲ್ಲ ರೈಟ್ರೇ! ಮೊದ್ಲೇ ಹೇಳದಲ್ವಾ? ಒಂದು ಬೇಲಿನಾದ್ರೂ ಹಾಕ್ತಿದ್ದೆ."

ಪಿಕಪ್ಪಿನ ತುಂಬ ನಗು. ದರ್ಶನ್ ಗದರಿಸಿದ. ಗದರಿಸಿದಷ್ಟೂ ನಗು ಜಾಸ್ತಿಯಾಯಿತು.

ಸಂಗತಿ ಇಷ್ಟು. ಎಸ್ಟೇಟಿನ ಮೇಲಿನ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರ ನಿಲ್ಲಿಸಬೇಕು ಅಂತ ಒಂದು ಕಂಪನಿ ಬಂದಿತ್ತು. ದೊಡ್ಡ ರೆಕ್ಕೆಯ ಫ್ಯಾನುಗಳು, ಗಾಳಿಯಿಂದ ಕರೆಂಟು. ಎಸ್ಟೇಟಿನ ಸಾಹುಕಾರ ರೇಣುಕಪ್ರಸಾದ್‌ಗೆ ಅದು ಬೇಡ. ಗುಡ್ಡದ ಕೆಳಗೆ ಅವನ ಹೋಂಸ್ಟೇ ಇದೆ. ಬೆಂಗಳೂರಿನಿಂದ ಬಂದವರು ಬಾಲ್ಕನಿಯಲ್ಲಿ ಕಾಫಿ ಹಿಡಿದು ಕೂತಾಗ ಕಣ್ಣಿಗೆ ಮಂಜು ಬೀಳಬೇಕೇ ಹೊರತು ಫ್ಯಾನು ಬೀಳಬಾರದು. ಅವತ್ತು ಮೂಡಿಗೆರೆಯಲ್ಲಿ ಜನಾಭಿಪ್ರಾಯ ಕೇಳುವ ಸಭೆ. ಅದಕ್ಕೆ ಜನ ಬೇಕಿತ್ತು.

ಉಳಿದ ದಿನ ಲೈನಿನವರು ಜನ ಆಗಿರಲಿಲ್ಲ. ಆಳು ಆಗಿದ್ದರು.

ಲೈನ್ ಅಂದರೆ ಒಂದೇ ಉದ್ದ ಮಾಡಿನ ಕೆಳಗೆ ಗೋಡೆಗೆ ಗೋಡೆ ಅಂಟಿದ ಕೂಲಿಯವರ ಕೋಣೆಗಳು. ಅಲ್ಲಿ ಕರೆಂಟ್ ಇರಲಿಲ್ಲ. ಕರೆಂಟ್ ಕಂಬ ಲೈನಿನ ಪಕ್ಕದಲ್ಲೇ ಹಾದು ಸಾಹುಕಾರನ ಬಂಗಲೆಗೆ ಹೋಗುತ್ತಿತ್ತು. ಅದಕ್ಕೆ ಹೆಂಗಸರು ಬಟ್ಟೆ ಒಣಹಾಕುವ ಹಗ್ಗ ಕಟ್ಟಿದ್ದರು. ಕಂಬದಿಂದ ಅವರಿಗೆ ಆದ ಉಪಯೋಗ ಅಷ್ಟೇ. ಸಂಜೆ ಸೀಮೆಎಣ್ಣೆ ಬುಡ್ಡಿ. ಸೀಮೆಎಣ್ಣೆ ಸಿಗುವುದು ನಿಂತ ಮೇಲೆ ಮೇಣದ ಬತ್ತಿ. ಹೊಗೆ ಕುಡಿದು ಕುಡಿದು ತುಂಗಮ್ಮನ ಗಂಡ ಕೆಮ್ಮುತ್ತಲೇ ಹೋದ.

ಮೀಟರ್ ಹಾಕಿಸಿಕೊಡಿ ಅಂತ ಕೇಳದೇ ಇರಲಿಲ್ಲ. ಕರೆಂಟ್ ಆಫೀಸಿನವರು ಜಾಗದ ಯಜಮಾನರ ಒಪ್ಪಿಗೆ ತನ್ನಿ ಅನ್ನುತ್ತಿದ್ದರು. ಸಾಹುಕಾರ ಒಪ್ಪುತ್ತಿರಲಿಲ್ಲ. "ಲೈನ್ ನಂದು, ಗೋಡೆ ನಂದು. ನಿಮಗೆಂತಕ್ಕೆ ಮೀಟ್ರು?" ಅನ್ನುತ್ತಿದ್ದ. ಒಳಗಿನ ಭಯ ಬೇರೆ ಇತ್ತು. ಮೀಟರ್ ಬಂದರೆ ಅದರ ಮೇಲೆ ಒಂದು ಹೆಸರು ಬರುತ್ತದೆ. ಹೆಸರು ಬಂದರೆ, ಈ ಮನೆಯಲ್ಲಿ ಇರುವವಳು ನಾನು ಅಂತ ನಾಳೆ ಒಬ್ಬಳು ತೋರಿಸುತ್ತಾಳೆ. ಇದು ಲೈನಿನ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿದ್ದರು. ಬಾಯಿ ತೆರೆದವರು ಸಾಮಾನು ಕಟ್ಟಿಕೊಂಡು ಹೋದದ್ದನ್ನು ನೋಡಿದ್ದರು.

ಹೋದ ವರ್ಷ ಹೋಂಸ್ಟೇಗೆ ಸೋಲಾರ್ ಬಂತು. ಹೋಂಸ್ಟೇ ಇರುವ ದಿಣ್ಣೆಯ ಅರ್ಧಕ್ಕೆ ಜೀಪು ನಿಂತುಬಿಟ್ಟಿತು. ಅಲ್ಲಿಂದ ಮೇಲಕ್ಕೆ ಆ ಗಾಜಿನ ಹಲಗೆಗಳನ್ನು ಹೊತ್ತದ್ದು ಲೈನಿನ ಹೆಂಗಸರು. ತಲೆಗೆ ಸಿಂಬಿ, ಸಿಂಬಿಯ ಮೇಲೆ ಹಲಗೆ, ಎರಡು ಕೈಯೂ ಮೇಲೆ. ಜಿಗಣೆ ಕಾಲು ಹತ್ತಿದರೂ ಬಗ್ಗಿ ಕೀಳುವಂತಿಲ್ಲ. ರಕ್ತ ಕುಡಿದು ತಾನೇ ಉದುರಬೇಕು. "ಒಡೆದ್ರೆ ನೋಡು" ಅಂತ ಹಿಂದಿನಿಂದ ದರ್ಶನ್ ಕೂಗುತ್ತಿದ್ದ. ತುಂಗಮ್ಮನ ಕುತ್ತಿಗೆ ಅವತ್ತು ಹಿಡಿದದ್ದು ಮಳೆಗಾಲ ಮುಗಿಯುವ ತನಕ ಬಿಡಲಿಲ್ಲ. ಈಗ ಅಲ್ಲಿ ಹೂವಿನ ಕುಂಡಕ್ಕೂ ದೀಪ ಇದೆ.

ಲೈನಿನವರ ಫೋನು ಚಾರ್ಜ್ ಆಗಬೇಕಾದರೆ ಬಂಗಲೆಯ ಹಿಂದುಗಡೆ ನಾಯಿಗೂಡಿನ ಹತ್ತಿರ ಒಂದು ಪ್ಲಗ್ ಕೊಟ್ಟಿದ್ದರು. ಮೊದಲು ಅಡುಗೆಮನೆ ಜಗಲಿಯ ಪ್ಲಗ್ ಇತ್ತು. ಈ ಕೈಗಳು ಅಲ್ಲಿ ತಾಗಬಾರದು ಅಂತ ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಒಂದು ದಿನ ನಾಯಿಗೂಡಿನ ಹತ್ತಿರ ಹೊಸ ಪ್ಲಗ್ ಬಂತು, ಅಷ್ಟೇ. ಗೂಡು ಗಿಡ್ಡ. ಫೋನು ಸಿಕ್ಕಿಸಬೇಕಾದರೆ ಮಂಡಿ ಊರಿ ತಲೆ ತಗ್ಗಿಸಬೇಕು. ನಾಯಿ ಬೊಗಳುತ್ತಿತ್ತು. ದಿಣ್ಣೆ ಮೇಲಿನ ಹೋಂಸ್ಟೇ ಬಾಲ್ಕನಿಯಿಂದ ಗಿರಾಕಿಗಳು ಒಮ್ಮೊಮ್ಮೆ ಫೋಟೋ ಹೊಡೆಯುತ್ತಿದ್ದರು.

ಮೂಡಿಗೆರೆ ಬಸ್ ಸ್ಟ್ಯಾಂಡಿನ ಪಕ್ಕದ ಹೋಟೆಲಿನ ಎದುರು ಪಿಕಪ್ಪು ನಿಂತಿತು. ಟೀ ಕುಡಿಯಿರಿ, ಕದಲಬೇಡಿ ಅಂತ ಹೇಳಿ ದರ್ಶನ್ ಸಾಹುಕಾರನನ್ನು ಹುಡುಕಿಕೊಂಡು ಹೋದ. ಲೈನಿನವರು ಹೋಟೆಲಿನ ಮುಂದಿನ ಕಟ್ಟೆ ಮೇಲೆ ಸಾಲಾಗಿ ಕೂತರು. ಬಿಸಿಲು ಬಿದ್ದಿತ್ತು. ಕೆಲಸದ ಹೊತ್ತಿನಲ್ಲಿ ಕಟ್ಟೆ ಮೇಲೆ ಕಾಲು ಇಳಿಬಿಟ್ಟು ಕೂತು ಟೀ ಕುಡಿಯುವುದು ತುಂಗಮ್ಮನಿಗೆ ಎಂಥದೋ ಕಳ್ಳತನದ ಹಾಗೆ ಅನ್ನಿಸಿತು.

ಅಷ್ಟರಲ್ಲಿ ಒಂದು ಬಸ್ಸು ಬಂತು. ಬಯಲುಸೀಮೆಯ ಕಡೂರು ಕಡೆಯದು. ಇಳಿದವರೆಲ್ಲ ಕಂಬಳಿ, ಟವೆಲು, ಸಿಕ್ಕಿದ್ದನ್ನು ಹೊದ್ದುಕೊಂಡು ನಡುಗುತ್ತಿದ್ದರು. ಅವರ ಕೈಯಲ್ಲೂ ಬೋರ್ಡು. ಟೋಪಿ ಹಾಕಿದ ಒಬ್ಬ ಕಂಪನಿಯವನು ಅವರಿಗೂ ಟೀ ಹೇಳಿ, ಕದಲಬೇಡಿ ಅಂತ ಹೇಳಿ, ಅವನೂ ಹೋದ.

ಕರಿ ಕಂಬಳಿ ಹೊದ್ದ ಒಬ್ಬ ಎತ್ತರದ ಹೆಂಗಸು ತುಂಗಮ್ಮನ ಪಕ್ಕ ಬಂದು ಕೂತಳು. ಗಾಜಿನ ಲೋಟವನ್ನು ಎರಡು ಕೈಯಲ್ಲಿ ಅಪ್ಪಿಕೊಂಡಳು.

"ಅದೆಂಗವ್ವ ಇರ್ತೀರಾ ಈ ಚಳಿಗೆ? ಮೂಳೆ ಎಲ್ಲ ಗಡಗಡ ಅಂತೈತೆ."

"ಇದು ಚಳಿನಾ ಮಾರಾಯ್ತಿ? ಬಿಸಿಲು ಬಂದದೆ. ನೀವು ಯಾವ ಕಡೆಯವರು?"

"ಕಡೂರು ಕಡೆ. ಮುದ್ದಮ್ಮ ಅಂತಾರೆ ನನ್ನ. ಕುರಿ ಕಾಯ್ತೀವಿ. ಕಂಪ್ನಿಯವ್ರು ಕರ್ಕೊಂಡ್ ಬಂದವ್ರೆ. ನೀವು?"

"ತುಂಗಮ್ಮ. ತೋಟದ ಕೆಲಸ. ಸಾವ್ಕಾರ್ರು ಕಳಿಸಿದ್ದು. ಎಂತ ಹೇಳಕ್ಕೆ ಬಂದಿದ್ದು ನೀವು?"

"ಬೇಕು ಅನ್ನಾಕೆ. ನೀವು?"

"ನಾವು ಬೇಡ ಅನ್ನಕ್ಕೆ."

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುದ್ದಮ್ಮನ ತುಟಿ ಮೊದಲು ಅದುರಿತು. ತುಂಗಮ್ಮನಿಗೆ ಬಾಯಲ್ಲಿದ್ದ ಟೀ ಮೂಗಿಗೆ ಹತ್ತಿತು. ಆಮೇಲೆ ಇಬ್ಬರಿಗೂ ತಡೆಯಲಾಗಲಿಲ್ಲ. ಕಟ್ಟೆ ಮೇಲೆ ಒಬ್ಬರ ಹೆಗಲಿಗೆ ಒಬ್ಬರು ಬಿದ್ದು ನಕ್ಕರು. ಏನು ಏನು ಅಂತ ಸುತ್ತಲಿನವರು ಕೇಳಿದರು. ಕೇಳಿದವರೂ ನಕ್ಕರು.

"ಅದ್ರಲ್ಲಿ ಏನು ಬರೆದವ್ರೆ ಓದವ್ವ. ನಂಗೆ ಓದಾಕೆ ಬರಾಕಿಲ್ಲ" ಅಂತ ಮುದ್ದಮ್ಮ ತನ್ನ ಬೋರ್ಡು ಕೊಟ್ಟಳು.

"ಗಾಳಿ ನಮ್ಮದು, ಬೆಳಕು ನಮ್ಮದು."

"ಹಂಗಂತ ಬರೆದವ್ರಾ!" ಮುದ್ದಮ್ಮ ಕಂಬಳಿಯಿಂದ ಕಣ್ಣೊರೆಸಿಕೊಂಡಳು. "ಗಾಳಿ ನಮ್ದೇ ಬಿಡು, ಬೇಕಾದಂಗೈತೆ. ನಮ್ಮ ಹಟ್ಟಿ ಹಿಂದ್ಗಡೇನೇ ಫ್ಯಾನು ತಿರುಗ್ತವೆ. ಅದ್ರ ಕರೆಂಟು ನಮ್ಮ ತಲೆ ಮೇಲೆ ಹಾಯ್ಕೊಂಡು ಎಲ್ಲಿಗೋ ಹೋಯ್ತದೆ. ನಮ್ಮ ಹಟ್ಟೀಲಿ ಬಲ್ಬು ಮಿಣುಕ್ ಮಿಣುಕ್ ಅಂತದೆ, ಆಮ್ಯಾಕೆ ಹೋಯ್ತದೆ."

"ಹಂಗಾದ್ರೆ ಬೇಕು ಅಂತ ಯಾಕೆ ಬಂದ್ರಿ?"

ಮುದ್ದಮ್ಮ ಲೋಟ ಕೆಳಗಿಟ್ಟಳು. "ಪೂರಾ ಕೆಟ್ಟದ್ದು ಅಂತ ಹೇಳಾಕಾಗಲ್ಲ ಕಣವ್ವ. ನಮ್ದು ಕಲ್ಲು ನೆಲ. ಏನೂ ಬೆಳೀತಿರ್ಲಿಲ್ಲ. ಅವ್ರು ಬಂದ ಮ್ಯಾಲೆ ರಸ್ತೆ ಆಯ್ತು, ನನ್ನ ತಮ್ಮಂಗೆ ಕಾವಲು ಕೆಲ್ಸ ಸಿಕ್ತು. ಆದ್ರೆ ಕುರಿ ಮೇಯೋ ಜಾಗಕ್ಕೆ ಬೇಲಿ ಬಿತ್ತು. ಹಂಗೂ ಐತೆ, ಹಿಂಗೂ ಐತೆ. ಅದನ್ನ ಹೇಳಾಕೆ ಬಿಡಾಕಿಲ್ಲ. ಬರೀ ಬೇಕು ಅನ್ನು ಅಂತಾರೆ."

"ನಮ್ಮ ಗುಡ್ಡ ನಿಮ್ಮ ನೆಲದ ಹಂಗಲ್ಲ" ಅಂದಳು ತುಂಗಮ್ಮ. "ದೊಡ್ಡ ಮಳೆ ಬಂದ ವರ್ಷ ಪಕ್ಕದ ಗುಡ್ಡ ಜಾರಿ ತೋಟನೇ ನುಂಗ್ತು. ನಮ್ಮ ಗುಡ್ಡಕ್ಕೆ ಲಾರಿ ರಸ್ತೆ ಕಡಿದ್ರೆ ಅದು ಜಾರದು ಬಂಗ್ಲೆ ಮೇಲಲ್ಲ, ಲೈನಿನ ಮೇಲೆ. ನಮಗೆ ನೀರು ಬರದೂ ಅಲ್ಲಿಂದ್ಲೇ."

"ಮತ್ತೆ ಬ್ಯಾಡ ಅನ್ನು. ಸರಿಯಾಗೇ ಐತಲ್ಲ."

"ಅನ್ಬೌದು. ಆದ್ರೆ ಸಾವ್ಕಾರ್ರು ಹೇಳ್ಕೊಟ್ಟ ಬೇಡ ಬೇರೆ. ನನ್ನ ಬೇಡ ಬೇರೆ."

ಹೇಳಿದ ಮೇಲೆ ಆ ಮಾತು ಅವಳಿಗೇ ಹೊಸದಾಗಿ ಕೇಳಿಸಿತು. ನನ್ನ ಬೇಡ. ತನ್ನ ಹತ್ತಿರ ಅಂಥದೊಂದು ಇದೆ ಅಂತ ಅವಳಿಗೆ ಗೊತ್ತಿರಲಿಲ್ಲ.

ಮಾರಯ್ಯ ಅಷ್ಟರಲ್ಲಿ ಕಡೂರಿನ ಒಬ್ಬ ಮುದುಕನ ಜೊತೆ ಬೋರ್ಡು ಬದಲು ಮಾಡಿಕೊಂಡಾಗಿತ್ತು. "ನನ್ನ ಗುಡ್ಡ ನೀನಿಟ್ಕ. ನಿನ್ನ ಗಾಳಿ ಕೊಡು" ಅಂದಿದ್ದ. ಅದನ್ನು ನೋಡಿ ಉಳಿದವರೂ ಬದಲಾಯಿಸಿಕೊಳ್ಳತೊಡಗಿದರು. ಸಂತೆಯಲ್ಲಿ ಕೋಳಿ ಬದಲಾಯಿಸಿಕೊಂಡ ಹಾಗೆ, ಚೌಕಾಸಿ ಮಾಡಿ, ತಿರುಗಿಸಿ ನೋಡಿ, ನಕ್ಕು. ದರ್ಶನನೂ ಟೋಪಿಯವನೂ ಓಡಿ ಬರುವಷ್ಟರಲ್ಲಿ ಯಾರ ಬೋರ್ಡು ಯಾರ ಕೈಯಲ್ಲಿದೆ ಅನ್ನುವುದೇ ತಿಳಿಯದ ಹಾಗಾಗಿತ್ತು. ಸರಿ ಮಾಡುವುದಕ್ಕೆ ಹೊತ್ತಿರಲಿಲ್ಲ. ಸಭೆ ಶುರುವಾಗುವುದರಲ್ಲಿತ್ತು.

ಸಭಾಭವನದಲ್ಲಿ ಪ್ಲಾಸ್ಟಿಕ್ ಕುರ್ಚಿಗಳು. ಮುಂದಿನ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಸಾಹುಕಾರ ಮತ್ತು ಅವನಂಥ ತೋಟದವರು. ವೇದಿಕೆಯ ಮೇಲೆ ಒಬ್ಬ ಅಧಿಕಾರಿ, ಅವರ ಪಕ್ಕದಲ್ಲಿ ಭುವನಾ ಅನ್ನುವ ಹುಡುಗಿ. ವಿಶ್ವವಿದ್ಯಾಲಯದಲ್ಲಿ ಓದುವವಳು. ಗಾಳಿಯ ಕರೆಂಟು, ಬಿಸಿಲಿನ ಕರೆಂಟು ಅಂದರೆ ಯಾವ ಸೀಮೆಯ ಜನ ಏನನ್ನುತ್ತಾರೆ ಅಂತ ಜಿಲ್ಲೆಯೆಲ್ಲ ಸುತ್ತಿ ಕೇಳಿ ಬಂದಿದ್ದಳು. ಪರದೆಯ ಮೇಲೆ ಜಿಲ್ಲೆಯ ನಕ್ಷೆ ಮೂಡಿತು. ಬಯಲುಸೀಮೆ ಹಸಿರು, ಮಲೆನಾಡು ಕೆಂಪು.

"ಬಯಲುಸೀಮೆಯ ಜನರಿಗೆ ಒಲವಿದೆ. ಮಲೆನಾಡಿನ ಜನರ ವಿರೋಧವಿದೆ" ಅಂದಳು ಭುವನಾ. "ಎರಡೂ ಕಡೆಯವರು ಬೇರೆ ಬೇರೆ ಕೂತರೆ ಅಭಿಪ್ರಾಯ ಕೇಳಲು ಅನುಕೂಲ."

ಯಾರೂ ಏಳಲಿಲ್ಲ. ಮುದ್ದಮ್ಮ ತನ್ನ ಕಂಬಳಿಯ ಒಂದು ಅಂಚನ್ನು ತುಂಗಮ್ಮನ ಮೇಲೆ ಹೊದಿಸಿ ಇನ್ನೂ ಒತ್ತಿಕೊಂಡು ಕೂತಳು.

ಇನ್ನು ತಡಮಾಡಿದರೆ ಕೆಟ್ಟೀತು ಅಂತ ದರ್ಶನ್ ಮುಂದೆ ಬಂದು ಮುಷ್ಟಿ ಎತ್ತಿದ. ಸಾಹುಕಾರನ ಕಡೆ ಒಮ್ಮೆ ನೋಡಿ, ಗಂಟಲು ಹರಿಯುವ ಹಾಗೆ ಕೂಗಿದ.

"ನಮ್ಮ ಗುಡ್ಡ!"

 ಹಿಂದಿನಿಂದ ಮಾರಯ್ಯನ ಒಡಕು ದನಿ ಬಂತು.

"ಸಾವ್ಕಾರ್ರ ಹಕ್ಕು!"

ದರ್ಶನ್‌ಗೆ ಅರ್ಥವಾಗಲಿಲ್ಲ. ತಪ್ಪಿ ಹೇಳಿದ ಅಂದುಕೊಂಡು ಇನ್ನೊಮ್ಮೆ ಕೂಗಿದ. "ನಮ್ಮ ಗುಡ್ಡ!"

"ಸಾವ್ಕಾರ್ರ ಹಕ್ಕು!" ಈ ಸಲ ಲೈನಿಗೆ ಲೈನೇ ಕೂಗಿತು. ತುಂಗಮ್ಮನೂ ಎದ್ದು ನಿಂತು ಕೂಗಿದಳು. ಹುಟ್ಟಿದಾಗಿನಿಂದ ಸಾಹುಕಾರನ ಎದುರು ಪಿಸುಗುಟ್ಟಿದ ಗಂಟಲು. ಈಗ ದನಿ ಎದೆಯ ತಳದಿಂದ ಬಂತು.  ಇನ್ನೊಂದು ಸಲ ಕೂಗಬೇಕು ಅನ್ನಿಸಿತು.

ಟೋಪಿಯವನು ತನ್ನ ಮಾನವಾದರೂ ಉಳಿಯಲಿ ಅಂತ ಎದ್ದ. "ಗಾಳಿ ನಮ್ಮದು!"

"ಬೆಳಕು ನಿಮ್ಮದು!" ಅಂದಳು ಮುದ್ದಮ್ಮ. ಕಡೂರಿನವರೆಲ್ಲ ಕುರ್ಚಿ ಕುಟ್ಟಿದರು. "ಬೆಳಕು ನಿಮ್ಮದು! ಬೆಳಕು ನಿಮ್ಮದು!"

ಆಮೇಲೆ ತಡೆಯುವವರು ಯಾರು? ಈ ಕಡೆಯವರು ಆ ಕಡೆಯವರದ್ದನ್ನು ಕೂಗಿದರು, ಆ ಕಡೆಯವರು ಈ ಕಡೆಯವರದ್ದನ್ನು. ಒಬ್ಬಳು ಎದ್ದು ಸೆರಗು ಸಿಕ್ಕಿಸಿ ಕುಣಿದೇಬಿಟ್ಟಳು. ಪೇಪರಿನವರು ಫೋನು ಎತ್ತಿ ಹಿಡಿದರು. ಅಧಿಕಾರಿ ಮೇಜು ಬಡಿದು ಬಡಿದು ಕಡೆಗೆ ತಾನೇ ನಕ್ಕರು.

ಸಾಹುಕಾರ ನಗಲಿಲ್ಲ. ಎದ್ದು ಹಿಂದಕ್ಕೆ ತಿರುಗಿದ. ಯಾರನ್ನು ಬಯ್ಯಬೇಕು ಅಂತ ಕಣ್ಣಲ್ಲೇ ಹುಡುಕಿದ. ಸಿಕ್ಕಿದ್ದು ತುಂಗಮ್ಮ.

"ಏಯ್ ತುಂಗಿ! ಕೂತ್ಕೊಳೇ. ಇಲ್ಲಿ ತಂದು ಬಿಟ್ಟಿದ್ದಕ್ಕೆ ತಲೆ ಮೇಲೆ ಹತ್ತಿ ಕುಣೀತೀರಾ, ನಾಯಿಗಳಾ?"

 ತುಂಗಮ್ಮನ ಮೊಣಕಾಲು ತಾನಾಗಿಯೇ ಮಡಚಿತು. ಅದು ಹಳೆಯ ಅಭ್ಯಾಸ. ಆ ದನಿ ಕೇಳಿದರೆ ಕಾಲು ಮಡಚುವುದು ಅವ್ವನ ಹಾಲಿನ ಜೊತೆ ಬಂದದ್ದು. ಅರ್ಧ ಕೂತವಳು ಹಾಗೇ ನಿಂತಳು. ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದಳು. ಮತ್ತೆ ನೆಟ್ಟಗಾದಳು.

"ಕೂರಲ್ಲ" ಅಂದಳು. "ನನ್ನ ಹೆಸ್ರು ತುಂಗಮ್ಮ."

"ಏನಂದೆ?"

"ತುಂಗಮ್ಮ ಅನ್ನಿ. ಅಂದ್ರೆ ಕೇಳಿಸ್ಕತೀನಿ."

ಅಧಿಕಾರಿ, "ಆ ಅಮ್ಮನಿಗೆ ಮೈಕ್ ಕೊಡಿ" ಅಂದರು. ಭುವನಾ ತಾನೇ ಇಳಿದು ಬಂದು ಕೊಟ್ಟಳು. ತುಂಗಮ್ಮ ಮೈಕನ್ನು ಬಾಯಿಗೆ ಹಿಡಿದು, "ಹಲೋ" ಅಂದಳು. ಅವಳ ಹಲೋ ನಾಲ್ಕು ಗೋಡೆಗೂ ಬಡಿದು ಅವಳಿಗಿಂತ ದೊಡ್ಡದಾಗಿ ವಾಪಸು ಬಂತು. ಅವಳಿಗೆ ನಗು ಬಂತು. ಆ ನಗುವೂ ದೊಡ್ಡದಾಗಿ ಬಂತು. ಭವನಕ್ಕೆ ಭವನವೇ ನಕ್ಕಿತು. 

"ಮಲೆನಾಡಿನವರಿಗೆ ಬೇಡ ಅಂದ್ರಲ್ಲ ಮೇಡಂ. ಯಾರನ್ನ ಕೇಳಿದ್ರಿ?"

"ನಿಮ್ಮ ಎಸ್ಟೇಟಿಗೆ ಬಂದಿದ್ದೆ ಅಮ್ಮ" ಅಂದಳು ಭುವನಾ. "ಎಲ್ಲರ ಪರವಾಗಿ ಅವರು ಹೇಳಿದರು." ಸಾಹುಕಾರನ ಕಡೆ ಕೈ ತೋರಿಸಿದಳು.

"ನೀವು ಬಂದಿದ್ದು ನಂಗೆ ನೆನಪಿದೆ. ಕೆಸರಲ್ಲಿ ಕಾರು ಹೂತು ಹೋಗಿತ್ತು. ತಳ್ಳಿದ್ದು ನಾವು. ತಳ್ಳಕ್ಕೆ ಕರೆದ್ರಿ, ಕೇಳಕ್ಕೆ ಕರೀಲಿಲ್ಲ."

ಭುವನಾಳ ಮುಖ ಕೆಂಪಾಯಿತು. 

"ನಂಗೆ ಬಯ್ಯಕ್ಕೆ ಬರಲ್ಲ" ಅಂದಳು ತುಂಗಮ್ಮ. "ಇದ್ದಿದ್ದು ಹೇಳ್ತೀನಿ. ಇವರ ಹೋಂಸ್ಟೇಗೆ ಬಿಸಿಲಿನ ಕರೆಂಟಿನ ಗಾಜು ಹೊತ್ತಿದ್ದು ಈ ಕುತ್ತಿಗೆ. ಫೋನ್ ಚಾರ್ಜಿಗೆ ನಾಯಿಗೂಡಿನ ಹತ್ರ ಬಗ್ಗದೂ ಇದೇ ಕುತ್ತಿಗೆ. ನಮ್ಮ ಲೈನಲ್ಲಿ ದೀಪ ಇಲ್ಲ. ಕಂಬ ಇದೆ, ಅದ್ರಲ್ಲಿ ನಮ್ಮ ಲಂಗ ಒಣಗ್ತದೆ. ಮೀಟ್ರು ಕೇಳಿದ್ರೆ ಕೊಡಲ್ಲ. ಗುಡ್ಡ ನಮ್ದು ಅಂತ ಬೋರ್ಡು ಕೊಡ್ತಾರೆ. ಮನೆ ನಮ್ದು ಅಂತ ಒಂದು ಮೀಟ್ರು ಕೊಡಲ್ಲ!"

ಮಾರಯ್ಯ ಕೂತಲ್ಲೇ ಸಿಳ್ಳೆ ಹೊಡೆದ.

"ಈ ಮುದ್ದಮ್ಮನ ಊರಲ್ಲಿ ಫ್ಯಾನು ಇದೆ, ಬೆಳಕಿಲ್ಲ. ನಮ್ಮಲ್ಲಿ ಫ್ಯಾನೂ ಇಲ್ಲ, ಬೆಳಕೂ ಇಲ್ಲ. ಇವ್ಳು ಬೇಕು ಅನ್ಬೇಕಂತೆ, ನಾನು ಬೇಡ ಅನ್ಬೇಕಂತೆ. ಇವತ್ತಿನ ಸಂಬಳಕ್ಕೆ! ಮೊದ್ಲು ನನ್ನ ಮನೆಗೆ ನನ್ನ ಹೆಸ್ರಲ್ಲಿ ಮೀಟ್ರು ಬರ್ಲಿ. ಆಮೇಲೆ ಲೈನಿಗೆ ಬಂದು ಕೇಳಿ ಮೇಡಂ. ನನ್ನ ಬಾಯಲ್ಲಿ ಬೇಕು ಅಂತ ಬರ್ತದೋ ಬೇಡ ಅಂತ ಬರ್ತದೋ, ನಂದೇ ಬರ್ತದೆ. ಬಾಡಿಗೆ ಕೂಗಲ್ಲ ನಾನು."

ಅಧಿಕಾರಿ ಸಾಹುಕಾರನ ಕಡೆ ತಿರುಗಿದರು. "ಲೈನ್ ಮನೆಗಳಿಗೆ ಮೀಟರ್ ಇಲ್ವೇನ್ರೀ? ನಿಮ್ಮ ಅಡ್ಡಿ ಇದೆಯಾ?"

ಪೇಪರಿನವರ ಫೋನುಗಳೆಲ್ಲ ಆ ಕಡೆ ತಿರುಗಿದವು. ಸಾಹುಕಾರ ಕರ್ಚೀಫು ತೆಗೆದ. "ನಾನೆಲ್ಲಿ ಬೇಡ ಅಂದೆ? ನನ್ನದೇನೂ ಅಡ್ಡಿ ಇಲ್ಲ."

ತುಂಗಮ್ಮ ಇನ್ನೂ ಮೈಕ್ ಕೊಟ್ಟಿರಲಿಲ್ಲ. "ಕೇಳಿಸ್ತಾ ಎಲ್ರಿಗೂ? ಅಡ್ಡಿ ಇಲ್ವಂತೆ!"

ಹೊರಗೆ ಬಂದಾಗ ಪಿಕಪ್ಪು ಹೋಗಿತ್ತು. ಊಟವೂ ಹೋಗಿತ್ತು. ಟೋಪಿಯವನ ಸುಳಿವೂ ಇರಲಿಲ್ಲ. ಕಡೂರಿನ ಬಸ್ಸು ಮಾತ್ರ ನಿಂತಿತ್ತು. ಡ್ರೈವರ್ ಸ್ಟಿಯರಿಂಗ್ ಮೇಲೆ ಕಾಲು ಚಾಚಿ ಕೂತಿದ್ದ. "ಇಡೀ ದಿನಕ್ಕೆ ಬುಕ್ ಆಗೈತೆ. ಯಾರನ್ನ ಹತ್ತಿಸ್ಬೇಡ ಅಂತ ನಂಗ್ಯಾರೂ ಹೇಳಿಲ್ಲ. ಹತ್ರಿ" ಅಂದ.

ಬಣಕಲ್ ದಾರಿಯುದ್ದಕ್ಕೂ ಬಸ್ಸು ಗಿಜಿಗಿಜಿ. ಕಡೂರಿನವರು ಸೋಬಾನೆ ಎತ್ತಿಕೊಂಡರು, ಲೈನಿನವರಿಗೆ ಪದ ಗೊತ್ತಿಲ್ಲದಿದ್ದರೂ ಸೊಲ್ಲು ಹಿಡಿದರು. ಕಿಟಕಿಯಾಚೆ ಕೆಂಪು ಹಣ್ಣು ಕಂಡು ಮುದ್ದಮ್ಮ, "ಇದ್ರಲ್ಲೇನಾ ಕಾಫಿ? ಮೆಣಸಿನಕಾಯಿ ತೋಟ ಅಂದ್ಕೊಂಡಿದ್ದೆ!" ಅಂದಳು. ತುಂಗಮ್ಮ ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡಳು. ನಡುನಡುವೆ ಯೋಚನೆ ಬರುತ್ತಿತ್ತು. ರಾತ್ರಿ ಎಲ್ಲಿ ಮಲಗುವುದು, ನಾಳೆ ಏನು ಉಣ್ಣುವುದು? ಅಷ್ಟರಲ್ಲಿ ಇನ್ನೊಂದು ನಗು ಬರುತ್ತಿತ್ತು.

ಎಸ್ಟೇಟಿನ ಗೇಟಿನಲ್ಲಿ ಸಾಹುಕಾರ ನಿಂತಿದ್ದ. ಅವನ ಕಾರು ಮೊದಲೇ ಬಂದಿತ್ತು.

"ನಾಳೆಯಿಂದ ಯಾರಿಗೂ ಕೆಲಸ ಇಲ್ಲ. ಲೈನ್ ಖಾಲಿ ಮಾಡಿ. ಅಸ್ಸಾಮಿನವರನ್ನ ತರಿಸ್ತೀನಿ."

ಬಸ್ಸಿನಿಂದ ಕಡೂರಿನವರೂ ಇಳಿದು ಹಿಂದೆ ನಿಂತಿದ್ದರು. ಕಂಬಳಿಗಳ ಗೋಡೆ. ಮುದ್ದಮ್ಮ ಸಾಹುಕಾರನನ್ನು ಅಡಿಯಿಂದ ಮುಡಿಯ ತನಕ ನೋಡಿ, "ಅಡ್ಡಿ ಇಲ್ಲ ಅಂದೋನು ಇವ್ನೇನಾ? ಆಗ್ಲೇ ಅಡ್ಡಿ ಬಂದೈತಲ್ಲ" ಅಂತ ಊರಿಗೇ ಕೇಳುವ ಹಾಗೆ ಕೇಳಿದಳು.

"ನಾವು ಖಾಲಿ ಮಾಡಲ್ಲ" ಅಂದಳು ತುಂಗಮ್ಮ. "ಕುಯ್ಯಲ್ಲ. ಅಷ್ಟೇ."

ಮಾರನೆಯ ದಿನ ಯಾರೂ ತೋಟಕ್ಕೆ ಇಳಿಯಲಿಲ್ಲ. ಹೆಂಗಸರು ಬಿಸಿಲಲ್ಲಿ ಕೂತು ಒಬ್ಬರ ತಲೆ ಒಬ್ಬರು ಬಾಚಿದರು. ಬೆರಳ ಸಂದಿಯ ಹಣ್ಣಿನ ಅಂಟು ತಿಕ್ಕಿ ತೊಳೆದರು. ತೋಟದ ಕಡೆಯಿಂದ ಹಣ್ಣು ಉದುರುವ ಸದ್ದು 'ಪಟ್ ಪಟ್' ಅಂತ ಬಂದಾಗೆಲ್ಲ ಮಾರಯ್ಯ, "ಬಿತ್ತು" ಅನ್ನುತ್ತಿದ್ದ. ಅಂಗಡಿಯವನು ಸಾಲ ಕೊಡುವುದಿಲ್ಲ ಅಂದ. ಗಂಜಿ ತೆಳ್ಳಗಾಯಿತು. ಆದರೂ ಯಾರೂ ಇಳಿಯಲಿಲ್ಲ. ಅಸ್ಸಾಮಿನವರೂ ಬರಲಿಲ್ಲ. ಹಣ್ಣಿನ ಕಾಲದಲ್ಲಿ ಕೈ ಖಾಲಿ ಇರುವವರು ಯಾವ ತೋಟದಲ್ಲೂ ಇರಲಿಲ್ಲ. ಅಡ್ಡಿ ಇಲ್ಲ ಅಂದ ವೀಡಿಯೋ ಫೋನಿಂದ ಫೋನಿಗೆ ಓಡಾಡುತ್ತಿತ್ತು. ಮೂಡಿಗೆರೆಯಲ್ಲಿ ಸಾಹುಕಾರ ಎಲ್ಲಿ ಹೋದರೂ, "ಏನು ಸ್ವಾಮಿ, ಅಡ್ಡಿ ಇಲ್ವಾ?" ಅನ್ನುವವರೇ. ಉದುರಿದ ಹಣ್ಣು ಕೊಳೆತು ಗಿಡದ ಬುಡ ಕಪ್ಪಾಗುತ್ತಾ ಬಂದ ಮೇಲೆ ಅವನು ಲೈನ್ ಖಾಲಿ ಮಾಡಿಸುವ ಮಾತು ಬಿಟ್ಟು ಮೀಟರಿನ ಒಪ್ಪಿಗೆಗೆ ಸಹಿ ಹಾಕಿದ.

ಸುದ್ದಿ ತಂದವನು ದರ್ಶನ್. ಹೇಳಿ ಮುಗಿಸಿದರೂ ಹೋಗಲಿಲ್ಲ. ಕಾಲಲ್ಲಿ ಮಣ್ಣು ಕೆರೆದ.

"ಮತ್ತೆ ಎಂತ ರೈಟ್ರೇ?"

"ನನ್ನ ಕ್ವಾರ್ಟರ್ಸೂ ಎಸ್ಟೇಟ್ ಹೆಸ್ರಲ್ಲೇ ಇರದು. ನಿಮ್ಮ ಜೊತೆ ನಂದೂ ಒಂದು ಮೀಟ್ರು ಸೇರಿಸ್ತೀರಾ, ತುಂಗಮ್ಮೋರೇ?"

ತುಂಗಮ್ಮೋರೇ! ಲೈನಿಗೆ ಲೈನೇ ಬಿದ್ದು ಬಿದ್ದು ನಕ್ಕಿತು. ದರ್ಶನ್ ತಾನೂ ನಾಚಿ ನಕ್ಕ. "ಸೇರಿಸ್ತೀವಿ ಬಿಡಪ್ಪ" ಅಂದಳು ತುಂಗಮ್ಮ.

ಭುವನಾ ಕೂಡ ಬಂದಳು. ಈ ಸಲ ಕಾರು ರಸ್ತೆಯಲ್ಲೇ ಬಿಟ್ಟು ನಡೆದು ಬಂದು ಜಗಲಿಯ ನೆಲದ ಮೇಲೆ ಕೂತಳು. ಗುಡ್ಡದ ಮೇಲೆ ಗಾಳಿಯಂತ್ರ ಬೇಕೋ ಬೇಡವೋ ಅಂತ ಒಬ್ಬೊಬ್ಬರನ್ನೂ ಕೇಳಿದಳು. ಮಾರಯ್ಯ ಬೇಕು ಅಂದ, ರೆಕ್ಕೆ ತಿರುಗುವುದನ್ನು ಸಾಯುವುದರೊಳಗೆ ನೋಡಬೇಕಂತೆ. ತುಂಗಮ್ಮ ಬೇಡ ಅಂದಳು, ಗುಡ್ಡ ಜಾರಿದರೆ ಮೊದಲು ಮುಚ್ಚುವುದು ನಿನ್ನನ್ನೇ ಅಂತ ಮಾರಯ್ಯನ ಮೇಲೆ ರೇಗಿದಳು. ಇನ್ನೊಬ್ಬಳು, ರಸ್ತೆ ಕಡಿಯದೆ ನಿಲ್ಲಿಸುವುದಾದರೆ ನಿಲ್ಲಿಸಲಿ, ಆದರೆ ಆ ಕರೆಂಟಿನಲ್ಲಿ ನಮಗೂ ಪಾಲು ಅಂದಳು. ಮಧ್ಯಾಹ್ನವೆಲ್ಲ ಜಗಳ. ಅಂಥ ಜಗಳ ಆ ಲೈನಿನಲ್ಲಿ ಹಿಂದೆ ಆಗಿರಲಿಲ್ಲ. ಯಾರಿಗೂ ನಿಲ್ಲಿಸುವ ಮನಸ್ಸಿರಲಿಲ್ಲ.

"ಮಲೆನಾಡಿಗೆ ಯಾವ ಬಣ್ಣ ಹಾಕಲಿ ಹೇಳಿ" ಅಂತ ಭುವನಾ ನಗುತ್ತಾ ಕೇಳಿದಳು.

"ಅದು ನಿನ್ನ ಕಷ್ಟ ಕಣಮ್ಮ" ಅಂದಳು ತುಂಗಮ್ಮ.

ಮೀಟರ್ ಹಾಕುವವನು ಬಂದದ್ದು ಒಂದು ನೆತ್ತಿ ಸುಡುವ ಮಧ್ಯಾಹ್ನ. ಗೋಡೆಗೆ ಮೊಳೆ ಹೊಡೆಯುತ್ತಾ, "ಯಾರ ಹೆಸರು?" ಅಂದ.

"ತುಂಗಮ್ಮ."

"ಗಂಡನ ಹೆಸರು?"

"ಗಂಡ ಇಲ್ಲ. ಮೀಟ್ರು ನಂದು."

ಅವನು ತಲೆ ಎತ್ತಿ ನೋಡಿದ. ಬಾಗಿಲ ತುಂಬ ಜನ. ಹಲ್ಲು ಬಿಟ್ಟುಕೊಂಡು ನಿಂತಿದ್ದರು. ಹಾಗೇ ಬರೆದುಕೊಂಡು ಸಾಲಿನ ಕೊನೆಯ ತನಕ ಒಂದೊಂದೇ ಮನೆ ಮುಗಿಸಿದ. ಕೆಲಸ ಮುಗಿದ ಮೇಲೆ ಹಿಂತಿರುಗಿ ನೋಡಿದರೆ, ಹಾಡೇ ಹಗಲಲ್ಲಿ ಲೈನಿನ ಉದ್ದಕ್ಕೂ ಬಲ್ಬುಗಳು ಉರಿಯುತ್ತಿದ್ದವು. ಬಿಸಿಲಿಗೆ ಅದರ ಬೆಳಕು ಕಾಣುತ್ತಲೇ ಇರಲಿಲ್ಲ. ಆದರೂ ಎಲ್ಲರೂ ಕತ್ತು ಎತ್ತಿ ತಂತಮ್ಮ ಬಲ್ಬನ್ನೇ ನೋಡುತ್ತಾ ನಿಂತಿದ್ದರು.

"ಆರ್ಸಿ ಅಮ್ಮ! ಹಗಲು ಹೊತ್ತಲ್ಲಿ ಯಾಕೆ? ಸುಮ್ನೆ ಬಿಲ್ ಬರ್ತದೆ" ಅಂದ ಅವನು.

"ಬರ್ಲಿ ಬಿಡಣ್ಣ" ಅಂದಳು ತುಂಗಮ್ಮ. "ನನ್ನ ಹೆಸ್ರಿಗೇ ತಾನೆ ಬರದು!"